ಅಮ್ಮನಿಗೆ ನಾನು ಹೇಳಿದ ಸುಳ್ಳು

ಅಣ್ಣಾ,

ನೀನು ಹೋಗಿ ಎರಡು ವರ್ಷವಾಯಿತು. ಬದುಕಿದ್ದಾಗ ನಿನಗೊಂದು ಕಾಗದ ಬರೆದವನಲ್ಲ ನಾನು. ನಿನಗೆ ಓದಲು ಬರುವುದಿಲ್ಲ ಎಂಬ ನೆಪವಿತ್ತು. ಈಗ ಬರೆಯದೆ ಇರಲಾಗುತ್ತಿಲ್ಲ.

ಕಗ್ಗದಾಸಪುರದ ಹೊಲ ಮಾರಿ ಅಮ್ಮ ನಮ್ಮಿಬ್ಬರಿಗೂ ಸಮನಾಗಿ ಹಂಚಿದ ದಿನ ನೆನಪಿದೆಯಾ? ಇಬ್ಬರೂ ದಂಡು ಪ್ರದೇಶದ ಒಂದೇ ಬ್ಯಾಂಕಿನಲ್ಲಿ ಹಣ ಇಟ್ಟೆವು. ನಾನು ಕಮರ್ಷಿಯಲ್ ಸ್ಟ್ರೀಟಿನ ಜವಳಿ ಅಂಗಡಿಯ ಗುಮಾಸ್ತ, ದಿನವೂ ಇಂಗ್ಲಿಷ್ ಪೇಪರ್ ಓದುವವನು. ನೀನು ರಸೆಲ್ ಮಾರುಕಟ್ಟೆಯಲ್ಲಿ ಹೂ ಮಾರುವವನು, ಹೆಬ್ಬೆಟ್ಟು ಒತ್ತುವವನು. ಆದರೂ ಅಮ್ಮ ಎಲ್ಲದಕ್ಕೂ ನಿನ್ನನ್ನೇ ಕೇಳುತ್ತಿದ್ದಳು. ಆಗೆಲ್ಲ ನನಗೆ ಹೇಗಾಗುತ್ತಿತ್ತು ಎಂದು ನೀನು ಎಂದಾದರೂ...

ಆ ಸೋಮವಾರ ನೀನು ನಮ್ಮ ಅಂಗಡಿಗೆ ಓಡಿಬಂದೆ. ಬ್ಯಾಂಕಿನ ಕ್ಯಾಷಿಯರ್ ಹೂವಿಗೆ ಸಾಲ ಹೇಳಿದನಂತೆ, ಎರಡು ತಿಂಗಳಿಂದ ಸಂಬಳವಿಲ್ಲವೆಂದು ಬಾಯಿಬಿಟ್ಟನಂತೆ.

"ನಾನು ದುಡ್ಡು ತಕ್ಕೊಂಡು ಬಂದ್ಬಿಟ್ಟೆ. ನೀನೂ ಈಗ್ಲೇ ಹೋಗು," ಎಂದೆ ನೀನು.

ಗಿರಾಕಿಗಳ ಮುಂದೆ ನಿನ್ನಿಂದ ಬುದ್ಧಿ ಹೇಳಿಸಿಕೊಳ್ಳುವುದೇ? ಪೇಪರಿನಲ್ಲಿ ಹಾಗೇನೂ ಬಂದಿಲ್ಲ ಎಂದು ನಿನ್ನನ್ನು ಸಾಗಹಾಕಿದೆ.

ಗುರುವಾರ ಬ್ಯಾಂಕಿನ ಬಾಗಿಲು ಮುಚ್ಚಿತು. ತರಕಾರಿಯವರು, ಪಿಂಚಣಿಯ ಸಿಪಾಯಿಗಳು ಬೀದಿಯಲ್ಲೇ ಕುಸಿದು ಕೂತಿದ್ದರು. ಮದ್ರಾಸಿನ ಕಡೆಯೂ ಬ್ಯಾಂಕುಗಳು ಮುಳುಗುತ್ತಿವೆ ಎಂದು ಪೇಪರಿನಲ್ಲಿ ಬಂದದ್ದು ಮರುದಿನ. ನನ್ನ ಪಾಲಿನ ಹೊಲದ ಹಣವೆಲ್ಲ ಹೋಯಿತು. ನಿನ್ನದು ಉಳಿಯಿತು. ಅದನ್ನು ನನ್ನಿಂದ ಸಹಿಸಲಾಗಲಿಲ್ಲ. ಅಣ್ಣನಿಗೆ ಮೊದಲೇ ಗೊತ್ತಿತ್ತು, ತನ್ನದಷ್ಟನ್ನೇ ತೆಗೆದುಕೊಂಡ, ನನಗೆ ತಿಳಿಸಲಿಲ್ಲ ಎಂದು ಅಮ್ಮನಿಗೆ ಹೇಳಿದೆ. ಅವಳು ನಿನ್ನ ಮನೆ ಬಿಟ್ಟು ನನ್ನ ಮನೆಗೆ ಬಂದಳು, ಸಾಯುವವರೆಗೂ ನಿನ್ನ ಮನೆಯ ನೀರು ಮುಟ್ಟಲಿಲ್ಲ. ನೀನು ಒಂದು ಮಾತೂ ಆಡಲಿಲ್ಲ. ಯಾಕಣ್ಣಾ? ಬೈದಿದ್ದರೆ ಜಗಳವಾಡಿಯಾದರೂ ಹಗುರಾಗುತ್ತಿದ್ದೆ.

ಹೋದ ವಾರ ಇನ್ನೊಂದು ಬ್ಯಾಂಕಿನ ಬಗ್ಗೆ ಅಂಥದೇ ಸುದ್ದಿ ಕಿವಿಗೆ ಬಿತ್ತು. ಅತ್ತಿಗೆಯ ಹಣ ಅಲ್ಲಿತ್ತು. ಪೇಪರಿಗೆ ಕಾಯಬಾರದೆಂದು ಆ ಸಲವೇ ಕಲಿತಿದ್ದೆನಲ್ಲ, ನೆಟ್ಟಗೆ ಹಲಸೂರಿನ ನಿನ್ನ ಮನೆಗೆ ಹೋದೆ. ಅವರ ಹಣ ಬಿಡಿಸಿಕೊಂಡು ಬಂದೆವು. ಆಮೇಲೆ ನಿನ್ನ ಮನೆಯ ಜಗಲಿಯಲ್ಲಿ ಕೂತು, ಹಳೆಯದನ್ನೆಲ್ಲ ಒಪ್ಪಿಕೊಂಡೆ.

"ನಂಗೊತ್ತು ಕಣಪ್ಪ," ಎಂದರು ಅತ್ತಿಗೆ. "ಅತ್ತೆಗೆ ನಿಜ ಹೇಳ್ಬಿಡ್ತೀನಿ ಅಂತ ಹೊರಟಿದ್ದೆ. ನಿಮ್ಮಣ್ಣ ಬಿಡ್ಲಿಲ್ಲ. ತಮ್ಮನ ದುಡ್ಡೂ ಹೋಗಿದೆ, ಈಗ ಅಮ್ಮನೂ ಕೈಬಿಟ್ರೆ ಅವನಿಗೆ ಯಾರಿದಾರೆ ಅಂದ್ರು."

ಆಗ ನನಗೆ ಅಳು ಬರಬೇಕಿತ್ತು. ಮೊದಲು ಬಂದದ್ದು ಅದೇ ಹೊಟ್ಟೆಕಿಚ್ಚು. ಅಮ್ಮನನ್ನಾದರೂ ನಿನ್ನಿಂದ ಗೆದ್ದುಕೊಂಡೆ ಎಂದು ಇಷ್ಟು ವರ್ಷ ಅಂದುಕೊಂಡಿದ್ದೆ, ಅಣ್ಣಾ. ಅವಳನ್ನೂ ನೀನೇ ನನಗೆ ಬಿಟ್ಟುಕೊಟ್ಟಿದ್ದೆ.

ನಿನ್ನ ತಮ್ಮ