ಒಂಬತ್ತನೇ ಜಾಗ

ಬೇಗೂರು
ಭಾನುವಾರ, ೧೬ ನವೆಂಬರ್ ೨೦೨೫

ಪ್ರೀತಿಯ ಯಮುನಕ್ಕನಿಗೆ,

ನಾನು ಆ ದ್ವೀಪಕ್ಕೆ ಹೋಗಿಯೇ ಇಲ್ಲ. ಕಾರವಾರವನ್ನೂ ನೋಡಿಲ್ಲ, ಸಮುದ್ರವನ್ನೂ ನೋಡಿಲ್ಲ. ಒಂದೂವರೆ ವರ್ಷದಿಂದ ಮುಚ್ಚಿಟ್ಟಿದ್ದೆ. ಫೋನಿನಲ್ಲಿ ಹೇಳೋಣವೆಂದರೆ ನೀನು ಸ್ಪೀಕರ್ ಹಾಕದೆ ಮಾತಾಡುವುದಿಲ್ಲ. ಭಾವ, ನಿನ್ನ ಅತ್ತೆ, ಲಗ್ಗೆರೆಯ ಅರ್ಧ ಬೀದಿ ಕೇಳಿಸಿಕೊಳ್ಳುತ್ತದೆ. ಅದಕ್ಕೇ ಈ ಕಾಗದ.

ಆಫೀಸಿನವರು ದ್ವೀಪ ತೋರಿಸಲು ಕರೆದುಕೊಂಡು ಹೋಗುತ್ತಾರೆ ಎಂದು ಹೇಳಿ ಹೋದೆನಲ್ಲ, ಆ ದಿನಗಳಲ್ಲಿ ಬೊಮ್ಮಸಂದ್ರದಲ್ಲಿ ಜೊತೆ ಕೆಲಸದ ಭುವನೇಶ್ವರಿಯ ರೂಮಿನಲ್ಲಿದ್ದೆ. ಹತ್ತನೇ ಕ್ಲಾಸಿನ ಪರೀಕ್ಷೆಗೆ ಮತ್ತೆ ಕಟ್ಟಿದ್ದೆ. ದೊಡ್ಡಪ್ಪನಿಗೆ ಗೊತ್ತಾದರೆ ನಮ್ಮ ಮನೆಗಳ ಬಾಡಿಗೆಯವರಿಗೆಲ್ಲ ಹೇಳುತ್ತಾರೆ, ಫೇಲಾದರೆ ಅದನ್ನೂ ಹೇಳುತ್ತಾರೆ. ಗಣಿತ ಮತ್ತೆ ಹೋಯಿತು. ಅಜ್ಜಿಗೆ ತಂದುಕೊಟ್ಟ ಚಿಪ್ಪುಗಳು ಗಾಜಿನ ತೊಟ್ಟಿಯಲ್ಲಿ ಬಣ್ಣದ ಮೀನು ಮಾರುವ ಅಂಗಡಿಯವು. ಅವನ್ನು ಅವಳು ದೇವರ ಗೂಡಿನಲ್ಲಿಟ್ಟು ಅರಿಶಿನ ಹಚ್ಚುವುದನ್ನು ದಿನಾ ಬೆಳಿಗ್ಗೆ ನೋಡುತ್ತಿದ್ದೇನೆ.

ಈಗ ನೀನು ಲ್ಯಾಮಿನೇಷನ್ ಮಾಡಿಸಿ ಮನೆಮನೆಗೆ ಹಂಚಿದ ಆ ಪಟ್ಟಿಯ ವಿಷಯ. 'ದ್ವೀಪದಲ್ಲಿ ನೋಡಲೇಬೇಕಾದ ಹತ್ತು ಜಾಗ' ಬರೆದವಳು ನಾನೇ, ನಿಜ. ಆದರೆ ಬರೆದದ್ದು ಎಲೆಕ್ಟ್ರಾನಿಕ್ ಸಿಟಿಯ ನಾಲ್ಕನೇ ಮಹಡಿಯಲ್ಲಿ, ಕಿಟಕಿಯೂ ಇಲ್ಲದ ಕೋಣೆಯಲ್ಲಿ. ನಮ್ಮ ಮ್ಯಾನೇಜರ್ ಸಂಗಮೇಶ್ ಫೋಟೋ ಕೊಡುತ್ತಾರೆ, ನಾನು ಕಂಪನಿಯ ಪ್ರವಾಸದ ವೆಬ್‌ಸೈಟಿಗೆ ಕನ್ನಡದಲ್ಲಿ ಬರೆಯುತ್ತೇನೆ. ಬಿಳಿ ಮರಳಿನ ದಂಡೆ, ದೀಪಸ್ತಂಭ, ಕಾಲು ಅದ್ದಿದರೆ ಬೆರಳು ಕಾಣುವಷ್ಟು ತಿಳಿನೀರಿನ ಮಡು, ಉಪ್ಪುನೀರಿನಲ್ಲೇ ಬೆಳೆದು ಬೆಳ್ಳಕ್ಕಿಗಳು ಕೂರುವ ಕಾಂಡ್ಲಾ ಗಿಡಗಳ ಹಿನ್ನೀರು, ಹೀಗೆ ಎಂಟಾಯಿತು. ಎಂಟು ಇದ್ದರೆ ಯಾರೂ ಓದುವುದಿಲ್ಲ, ಹತ್ತು ಮಾಡು ಎಂದರು. ಯಾವ ದೇಶದ್ದೋ ಎರಡು ಫೋಟೋ ಕೊಟ್ಟರು. ಒಂಬತ್ತನೆಯದಕ್ಕೆ ನಾನೇ 'ಜೋಡಿ ಸೂರ್ಯನ ಬಂಡೆ' ಎಂದು ಹೆಸರಿಟ್ಟೆ. ಕೂತ ಕಡೆಯೇ ಸೂರ್ಯ ಹುಟ್ಟುವುದೂ ಮುಳುಗುವುದೂ ಕಾಣುತ್ತದೆ ಎಂದು ಬರೆದೆ. ಕೊನೆಗೆ ಒಂದು ಸಾಲು ಸೇರಿಸಿದೆ: 'ಮೆಟ್ಟಿಲುಗಳಿಲ್ಲ, ಹಿರಿಯರೂ ಆರಾಮವಾಗಿ ತಲುಪಬಹುದು.' ಅದನ್ನು ಯಾರೂ ಹೇಳಿಕೊಡಲಿಲ್ಲ. ವಾಕ್ಯ ಚೆನ್ನಾಗಿ ಮುಗಿಯುತ್ತದೆ ಎಂದು ಬರೆದೆ.

ಆ ಒಂದು ಸಾಲಿಗಾಗಿ ಅಜ್ಜಿ ಹೊರಟಿದ್ದಾಳೆ, ಅಕ್ಕಾ. ಪ್ರತಿವರ್ಷ ನಮ್ಮ ಮನೆಯ ಪ್ರವಾಸ ಹೇಗಿರುತ್ತದೆ ನಿನಗೇ ಗೊತ್ತು. ಎಲ್ಲರೂ ಬೆಟ್ಟ ಹತ್ತುತ್ತೇವೆ, ಮಂಡಿನೋವಿನ ಬೈರಮ್ಮಜ್ಜಿ ಬಸ್ಸಿನಲ್ಲಿ ಕೂತು ಚೀಲ, ಚಪ್ಪಲಿ ಕಾಯುತ್ತಾಳೆ. ಇಳಿದು ಬಂದ ಮೇಲೆ ನಾವು ಮೊಬೈಲಿನಲ್ಲಿ ಫೋಟೋ ತೋರಿಸುತ್ತೇವೆ. ಈ ಸಲ ಬಾಡಿಗೆ ಮನೆಗಳ ಬಾಗಿಲು ಬಾಗಿಲಿಗೂ ಹೋಗಿ ಹೇಳಿದ್ದಾಳೆ: "ಒಂಬತ್ತನೇ ಜಾಗಕ್ಕೆ ಮೆಟ್ಲಿಲ್ವಂತೆ. ನಮ್ಮುಡುಗಿನೇ ನೋಡ್ಕಂಡ್ ಬಂದವ್ಳೆ."

ನಿಮ್ಮೆಲ್ಲರ ತಯಾರಿ ನೋಡಿ ನನಗೆ ತಲೆ ಕೆಟ್ಟುಹೋಗಿದೆ. ಇಪ್ಪತ್ತಮೂರು ಜನ. ಅಡುಗೆಗೆ ಪಾಪಯ್ಯ, ಅವನ ಎರಡು ಕೊಳಗ, ಮೂವತ್ತು ಕೇಜಿ ರಾಗಿಹಿಟ್ಟು, ಗ್ಯಾಸ್ ಸಿಲಿಂಡರ್. ದೋಣಿಯಲ್ಲಿ ಸಿಲಿಂಡರ್ ಹತ್ತಿಸುವುದಿಲ್ಲ ಎಂದರೆ ಕೃಷ್ಣಪ್ಪ ದೊಡ್ಡಪ್ಪ ಎರಡು ಸಣ್ಣ ಸಿಲಿಂಡರ್ ತಂದರು. ಗೈಡ್ ಬೇಡವೆಂದವರೂ ಅವರೇ. "ವೇಣಿ ಹೋಗಿ ಬಂದವ್ಳಲ್ಲ, ಇನ್ನೊಬ್ಬ ಯಾಕೆ?" ನೀನೋ, ಆ ಬಂಡೆಯ ಮೇಲೆ ಇಪ್ಪತ್ತಮೂರು ಜನ ಹಿಡಿಸುತ್ತಾರಾ ಎಂದು ಮೂರು ಸಲ ಕೇಳಿದೆ. ನಾನು ಮೂರು ಸಲವೂ ಹೂಂ ಎಂದೆ. ಯಾರ ಮೇಲೆ ಸಿಟ್ಟು ಮಾಡಿಕೊಳ್ಳಲಿ ಹೇಳು.

ಗುರುವಾರ ದೋಣಿಯವರಿಗೆ ಫೋನ್ ಮಾಡಿದೆ. ದಂಡೆಯಿದೆ, ಮಡುವಿದೆ; ದೀಪಸ್ತಂಭಕ್ಕೆ ನೂರ ನಲವತ್ತು ಮೆಟ್ಟಿಲು, ರಿಪೇರಿಗೆಂದು ಬೀಗ ಹಾಕಿದ್ದಾರಂತೆ. ದೋಣಿಯಿಂದ ಮೊಣಕಾಲುದ್ದ ನೀರಿಗೆ ಇಳಿದು ನಡೆಯಬೇಕಂತೆ. ಬಂಡೆಯ ಬಗ್ಗೆ ಕೇಳಿದಾಗ ಆ ಮನುಷ್ಯ ಹೇಳಿದ್ದು: "ಅಂಥದ್ದು ನಮ್ಮಲ್ಲಿ ಇಲ್ಲ ಮಾರಾಯ್ರೆ. ಸುಮಾರು ಜನ ಕೇಳ್ತಾರೆ. ಯಾರೋ ಪುಣ್ಯಾತ್ಮರು ಬರೆದಿದ್ದಾರೆ."

ಶುಕ್ರವಾರ ಸಂಗಮೇಶರಿಗೆ ಪಟ್ಟಿಯಿಂದ ಆ ಕೊನೆಯ ಎರಡು ಜಾಗ ತೆಗೆಯಿರಿ ಎಂದೆ. ಇದ್ದದ್ದನ್ನೇ ಬರೆದರೆ ಯಾರು ಹೋಗುತ್ತಾರೆ ಎಂದು ನಕ್ಕರು. ಅವರು ಊಟಕ್ಕೆ ಹೋದಾಗ ನಾನೇ ಅಳಿಸಿದೆ. ಮೂರು ಗಂಟೆಗೆ ನನ್ನ ಐಡಿ ಕಾರ್ಡ್ ವಾಪಸ್ ತೆಗೆದುಕೊಂಡರು. ಮನೆಯಲ್ಲಿ ಇದೂ ಯಾರಿಗೂ ಗೊತ್ತಿಲ್ಲ.

ಈಗ ನೀನು ಮಾಡಬೇಕಾದ್ದು ಇಷ್ಟೇ. ದೊಡ್ಡಪ್ಪನಿಗೆ ವಿಷಯ ಹೇಳು. ಡಿಸೆಂಬರ್ ಹದಿಮೂರರ ಪ್ರವಾಸವನ್ನು ರದ್ದು ಮಾಡಿಸಬೇಡ, ಸ್ವಲ್ಪ ತಡೆಹಿಡಿ. ಯಶವಂತಪುರದಿಂದ ನಾಳೆ ಬೆಳಿಗ್ಗೆ ಏಳರ ರೈಲಿಗೆ ನಾನು ಕಾರವಾರಕ್ಕೆ ಹೋಗುತ್ತಿದ್ದೇನೆ. ಎಂಟೂ ಜಾಗಗಳಿಗೆ ನಡೆದುಹೋಗಿ, ಮಂಡಿನೋವಿನವರು ಎಲ್ಲಿಯವರೆಗೆ ಹೋಗಬಹುದು, ಎಲ್ಲಿ ಕೂರಬಹುದು ಎಂದು ನೋಡಿ, ನೋಡಿದ್ದನ್ನಷ್ಟೇ ನಿನಗೆ ಬರೆಯುತ್ತೇನೆ.

ಬೈಯುವುದಿದ್ದರೆ ಬೈ. ಸ್ಪೀಕರ್ ಹಾಕಿಯೇ ಬೈ.

ನಿನ್ನ ತಂಗಿ,
ವೇಣಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಬಂದಿರಲಿಲ್ಲ. ಇವತ್ತು ಮಧ್ಯಾಹ್ನ ಅಜ್ಜಿಗೆ ಎಲ್ಲವನ್ನೂ ಹೇಳಿದೆ, ಬಂಡೆ ಇಲ್ಲದ್ದನ್ನೂ. ಬಹಳ ಹೊತ್ತು ಅವರೆಕಾಯಿ ಸುಲಿಯುತ್ತಲೇ ಇದ್ದಳು. ಆಮೇಲೆ, "ಮೆಟ್ಲಿದ್ರೆ ಕೆಳಗೇ ಕೂತ್ಕತೀನಿ. ನೀರು ಕೆಳಗೇ ತಾನೆ ಇರೋದು?" ಎಂದಳು. ಇಪ್ಪತ್ತಮೂರು ಜನರ ಜೊತೆ ಹೋದರೆ ಮತ್ತೆ ತನಗೆ ಚೀಲ ಕಾಯುವುದೇ ಗತಿಯಂತೆ. ಅವಳ ಮಾತ್ರೆ, ಮಂಡಿ ಪಟ್ಟಿ, ಎರಡು ಸೀರೆ ನನ್ನ ಬ್ಯಾಗಿನಲ್ಲಿವೆ. ಈ ಕಾಗದ ನಿನ್ನ ಕೈ ಸೇರುವವರೆಗೆ ಅಮ್ಮನಿಗೆ ಹೇಳಬಾರದೆಂದು ಆಣೆ ಹಾಕಿಸಿಕೊಂಡಿದ್ದಾಳೆ. ನಾಳೆ ನಾವಿಬ್ಬರೂ ಹೊರಡುತ್ತೇವೆ.