ಪದ ಎತ್ತಿಕೊಟ್ಟರೆ ಮಾತು ಬರುತ್ತದೆ

ಅಣ್ಣಾ,

ನೀನು ಹೋದ ಮೇಲೂ ನಿನ್ನೊಡನೆ ಜಗಳವಾಡಬೇಕಾಗಿ ಬಂದದ್ದಕ್ಕೆ ನೀನೇ ಹೊಣೆ. ಮೊನ್ನೆ ಇವರನ್ನು ಮೂಡುಬಿದಿರೆಗೆ ಕರೆದುಕೊಂಡು ಹೋಗಿದ್ದೆ. ಮಾತಿನ ಚಿಕಿತ್ಸೆ ಕೊಡುವ ಹುಡುಗಿ, ನಮ್ಮ ಮಗಳಷ್ಟೇ ಪ್ರಾಯದವಳು, ಕಾಗದದ ಮೇಲೆ ಮೆದುಳಿನ ಚಿತ್ರ ಬರೆದಳು. ಇವರಿಗೆ ಪಾರ್ಶ್ವವಾಯು ಬಡಿದದ್ದು ಮೆದುಳಿನ ಎಡಭಾಗಕ್ಕೆ, ಮಾತು ಹೆಚ್ಚಾಗಿ ಹುಟ್ಟುವುದು ಅಲ್ಲೇ. ಹಾಡಿಗಾದರೆ ಬಲಭಾಗವೂ ಕೈಜೋಡಿಸುತ್ತದೆ, ಹಾಗಾಗಿ ಮಾತು ನಿಂತವರೂ ಕೆಲವೊಮ್ಮೆ ಹಾಡಬಲ್ಲರು, ಹಾಡಿನ ಬೆನ್ನಿಗೆ ಮಾತೂ ಬರಬಹುದು ಎಂದಳು. ವಿಜ್ಞಾನಿಗಳು ಕಂಡುಹಿಡಿದದ್ದಂತೆ. ನನಗೆ ಮೈಯೆಲ್ಲ ಉರಿಯಿತು. ಇದನ್ನು ನೀನು ಎಷ್ಟು ವರ್ಷದಿಂದ ಹೇಳುತ್ತಿದ್ದೆ? ಒಂದು ಕಡೆ ಬರೆದಿಡುವುದಕ್ಕೆ ನಿನಗೇನಾಗಿತ್ತು?

ಬಂಟ್ವಾಳದ ಆ ತಾಳಮದ್ದಳೆ ನೆನಪುಂಟೇ? ನೀನು ಪದ ಹಾಡುವ ಭಾಗವತ, ಇವರು ಕೃಷ್ಣ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಮಾತಿನ ಯುದ್ಧ. ದುರ್ಯೋಧನ ಕೇಳಿದ ಒಂದು ಪ್ರಶ್ನೆಗೆ ಇವರ ಬಾಯಿ ಕಟ್ಟಿತು. ನೀನು ಏನೂ ಆಗದವನ ಹಾಗೆ ಜಾಗಟೆ ತಟ್ಟಿ, ಆಗಷ್ಟೇ ಮುಗಿಸಿದ ಪದದ ಕೊನೆಯ ಸಾಲನ್ನೇ ಮತ್ತೆ ಎತ್ತಿದೆ. ಇವರು ನಿನ್ನೊಡನೆ ಸಣ್ಣಗೆ ಗುನುಗಿದರು, ಆಮೇಲೆ ಅರ್ಧ ಗಂಟೆ ನಿಲ್ಲಲಿಲ್ಲ. ಚಹಾ ಬರುವುದು ತಡವಾಯಿತೆಂದು ಪದ ಎಳೆದೆಯಾ ಎಂದು ನಾನು ಮನೆಯಲ್ಲಿ ತಮಾಷೆ ಮಾಡಿದೆ.

"ಮಾತಿಗೂ ಪದಕ್ಕೂ ಬಾಗಿಲು ಬೇರೆ ಬೇರೆ ತಂಗಿ. ಒಂದು ಹಾಕಿದ್ರೆ ಇನ್ನೊಂದರಲ್ಲಿ ಒಳಗೆ ಹೋಗುವ," ಎಂದೆ ನೀನು. ಬಾಯಿ ತುಂಬ ಎಲೆಅಡಿಕೆ ಇಟ್ಟುಕೊಂಡು ಹೇಳಿದರೆ ಯಾರು ನಂಬುತ್ತಾರೆ ಮಾರಾಯ?

ಆಸ್ಪತ್ರೆಗೆ ನೀನು ಚೀಲದಲ್ಲಿ ಜಾಗಟೆ ಹಾಕಿಕೊಂಡು ಬಂದ ದಿನವನ್ನಂತೂ ನಾನು ನೆನೆಯದ ದಿನವಿಲ್ಲ. ವಾರ್ಡಿನಲ್ಲಿ ಆರು ಹಾಸಿಗೆ, ಆರು ಮನೆಯವರು. ನೀನು ಮೆಲ್ಲಗೆ ಒಂದು ಪದ ಹೇಳಿ ನೋಡುತ್ತೇನೆ ಎಂದೆ. ನಿನಗೆ ಮಾನ ಮರ್ಯಾದೆ ಉಂಟಾ ಎಂದು ಗದರಿ, ಚೀಲದ ಸಮೇತ ಹೊರಗೆ ಕಳಿಸಿದೆ. ನೀನಾದರೂ ಯಾಕೆ ಹೋದೆ? ಹುಟ್ಟಿದಂದಿನಿಂದ ನನ್ನ ಒಂದು ಮಾತೂ ಕೇಳದವನು ಅದೊಂದನ್ನೇ ಕೇಳಬೇಕಿತ್ತೇ? ಹತ್ತು ದಿನದಲ್ಲಿ ಎದೆನೋವೆಂದು ನೀನೇ ಹೊರಟುಬಿಟ್ಟೆ. ಇನ್ನೊಂದು ಸಲ ಬಂದಿದ್ದರೆ...

ಮನೆಗೆ ಬಂದ ಮೇಲೆ ನಾನು ಮಾಡಿದ ಬುದ್ಧಿವಂತಿಕೆ ಕೇಳು. ನೆನಪಾಗಿ ನೋವಾದೀತೆಂದು ಏಳು ತಿಂಗಳು ಮನೆಯಲ್ಲಿ ಒಂದು ಪದ ಕೇಳಿಸಲಿಲ್ಲ. ಮಡಂತ್ಯಾರಿನ ಪೇಟೆಯಿಂದ ಮಕ್ಕಳ ಚಾರ್ಟು ತಂದು, ದನ, ಮನೆ, ಛತ್ರಿ ಎಂದು ಹೇಳಿಸಿದೆ. ಸಭೆಯ ನಡುವೆ ದುರ್ಯೋಧನನ ಬಾಯಿ ಮುಚ್ಚಿಸುತ್ತಿದ್ದ ಮನುಷ್ಯ ಛತ್ರಿ ಎನ್ನಲಾಗದೆ ಗೋಡೆಗೆ ಮುಖ ಮಾಡುತ್ತಿದ್ದರು. ನನಗೂ ತಾಳ್ಮೆ ತಪ್ಪಿ ಒಂದೆರಡು ಸಲ ರೇಗಿದ್ದೇನೆ.

ನಿನ್ನೆ ಬೆಳಿಗ್ಗೆ ತಿಂಡಿಯಾದ ಮೇಲೆ ಬಾಗಿಲು ಹಾಕಿಕೊಂಡು ನಾನೇ ನಿನ್ನ ಪದ ಎತ್ತಿದೆ. ನನ್ನ ಗಂಟಲು ನಿನಗೆ ಗೊತ್ತಲ್ಲ. ಇವರು ಹಲ್ಲುನೋವು ಬಂದವರ ಹಾಗೆ ಮುಖ ಹಿಂಡಿದರು. ಎಡಗೈ ಕುರ್ಚಿಯ ಮೇಲೆ ತಾಳ ಹಾಕತೊಡಗಿತು. ಎರಡನೆಯ ಸಾಲನ್ನು ಇವರೇ ಹೇಳಿದರು, ಅಣ್ಣಾ. ಇಡೀ ಸಾಲು, ಒಂದಕ್ಷರ ತಪ್ಪದೆ. ನನಗೆ ಅಳು ಬಂದು ಮುಂದೆ ಹಾಡಲಾಗಲಿಲ್ಲ. ಇವರು ಕಾದರು, ಮತ್ತೆ ಬಾಗಿಲ ಕಡೆ ನೋಡಿ ಕಷ್ಟಪಟ್ಟು ಕೇಳಿದರು.

"ಭಾವ... ಬರ್ಲಿಲ್ಲ?"

ನೀನು ಸತ್ತದ್ದನ್ನು ನಾನು ಇವರಿಗೆ ಹೇಳಿಯೇ ಇಲ್ಲ. ಕೇಳಲು ಇವರಿಗೆ ಬಾಯಿರಲಿಲ್ಲ, ಅದರ ಮರೆಯಲ್ಲಿ ನಾನು ಅಡಗಿದ್ದೆ. ಒಂದು ಮಾತಿಗಾಗಿ ಏಳು ತಿಂಗಳು ಕಾದವಳು, ಅದು ಬಂದಾಗ ಹಾಲು ಉಕ್ಕುತ್ತದೆ ಎಂದು ಸುಳ್ಳು ಹೇಳಿ ಒಳಗೆ ಓಡಿದೆ.

ಇವತ್ತು ಊಟವಾದ ಮೇಲೆ ಹೇಳುತ್ತೇನೆ. ನೀನಿಲ್ಲವೆಂದು ಹೇಳುತ್ತೇನೆ, ಆಸ್ಪತ್ರೆಯಿಂದ ನಿನ್ನನ್ನು ಓಡಿಸಿದ್ದು ನಾನೇ ಎಂದೂ ಹೇಳುತ್ತೇನೆ. ಬೈದರೆ ಬೈಯಲಿ. ಬೈಯುವಷ್ಟು ಮಾತು ಇವರಿಗೆ ಬರಲಿ.