ಹೆಚ್ಚಿದ ಬಳೆಗಳು

೧೯ ನವೆಂಬರ್ ೧೯೪೬, ಮಂಗಳವಾರ. ತಿಕೋಟಾ.

ಹುಲಿಗೆವ್ವನ ಪಾಟಿಯ ಮೇಲಿದ್ದ ಹದಿನೇಳು ಕಣ್ಣ ಮುಂದಿನಿಂದ ಹೋಗುತ್ತಿಲ್ಲ.

ಒಂದನೇ ಇಯತ್ತೆಗೆ ನಾನೇ ಬಾಯಿಲೆಕ್ಕ ಹೇಳಿದೆ: ಕೈಯಲ್ಲಿ ಹನ್ನೆರಡು ಬಳೆ ಇದ್ದವು, ಐದು ಹೆಚ್ಚಿದವು, ಈಗ ಎಷ್ಟು? ಬಳೆ ‘ಒಡೆದವು’ ಎನ್ನಲು ನಾಲಿಗೆ ಏಳಲಿಲ್ಲ. ಆ ಅಶುಭದ ಮಾತನ್ನು ಅವ್ವ ಮನೆಯಲ್ಲಿ ಎಂದೂ ಆಡಗೊಟ್ಟವಳಲ್ಲ. ‘ಹೆಚ್ಚಿದವು’ ಎಂದೇ ಅನ್ನಬೇಕು.

ಜೂನಿನಿಂದ ತುಟಿ ಬಿಚ್ಚದ ಹುಡುಗಿ ಇಂದು ಮೊದಲ ಸಲ ತಾನಾಗಿ ಎದ್ದು ಪಾಟಿ ತೋರಿಸಿದಳು. ಹದಿನೇಳು. ಎಲ್ಲರೂ ಬಿದ್ದು ಬಿದ್ದು ನಕ್ಕರು.

“ಏನ ಬೇ, ನಿಮ್ಮನ್ಯಾಗ ಒಡದ ಬಳಿ ಮರಿ ಹಾಕ್ತಾವೇನ?” ಎಂದ ಮುಂದಿನ ಸಾಲಿನ ಈರಯ್ಯ.

ಅವಳು ನನ್ನನ್ನೇ ನೋಡಿದಳು. “ಮನ್ಯಾಗ ಹೆಚ್ಚಿದ್ರ ಒಡದಂಗ, ನನಗ ಗೊತ್ತೈತ್ರಿ. ಲೆಕ್ಕದಾಗ ಹೆಚ್ಚು ಅಂದ್ರ ಕೂಡಸೂದು ಅಂತ ನಿನ್ನಿ ನೀವ ಹೇಳೀರಲ್ರಿ.”

ಹೇಳಿದ್ದೆ. ಒಂದು ಶಬ್ದಕ್ಕೆ ಎರಡು ಅರ್ಥ, ಎಲ್ಲಿ ಯಾವುದೆಂದು ಆ ಮಗು ವಿಚಾರ ಮಾಡಿತ್ತು. ಕಾಲೇಜಿನಲ್ಲಿ ನಾಲ್ಕು ವರ್ಷ ಶ್ಲೇಷೆ ಓದಿದ ನಾನು ಮಾಡಿರಲಿಲ್ಲ. ಬಾಗಿಲಲ್ಲಿ ಹೆಡ್ ಮಾಸ್ತರರು ನಿಂತಿದ್ದರು. “ತಪ್ಪು, ಕೂಡು” ಎಂದುಬಿಟ್ಟೆ. ಅಂಗೈಯಿಂದ ಪಾಟಿ ಒರೆಸಿ ಕೂತಳು. ಆಮೇಲೆ ಎರಡು ಸಲ ಹೆಸರು ಹಿಡಿದು ಕೇಳಿದರೂ ತಲೆ ಎತ್ತಲಿಲ್ಲ.

ತಪ್ಪು ನನ್ನದೆಂದು ನಾಳೆ ಎಲ್ಲರೆದುರು ಹೇಳಬೇಕು. ಸಂಜೆಯಿಂದ ಆ ಒಂದು ಮಾತನ್ನು ಗೋಡೆಗೆ ಹೇಳಿ ನೋಡುತ್ತಿದ್ದೇನೆ, ಅರ್ಧಕ್ಕೇ ಬಿಟ್ಟು ಮತ್ತೆ ಮೊದಲಿನಿಂದ ಶುರು ಮಾಡುತ್ತೇನೆ. ಹಲಗೆಯ ಮೇಲೆ ಬರೆದುಬಿಟ್ಟರಾಯಿತು ಎಂದುಕೊಂಡೆ. ಆದರೆ ಅವಳಿಗೆ ಇನ್ನೂ ಒತ್ತಕ್ಷರ ಓದಲು ಬರುವುದಿಲ್ಲ. ‘ತಪ್ಪು’ ಎಂಬುದನ್ನು ಬಾಯಿಬಿಟ್ಟೇ ಹೇಳಬೇಕು.